ದತ್ತಿ ಸಂಸ್ಥೆಗಳಲ್ಲಿ ಫಲಾನುಭವಿಯ ಹಕ್ಕು ಮತ್ತು ದೂರಿನ ದಾರಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವೃದ್ಧಾಶ್ರಮ, ಉಚಿತ ಹಾಸ್ಟೆಲ್, ಹೊಲಿಗೆ ತರಬೇತಿ, ದಿನಸಿ ಕಿಟ್ ವಿತರಣೆಯಂಥ ಸೇವೆಗಳನ್ನು ನಡೆಸುವ ಖಾಸಗಿ ಸಂಸ್ಥೆ ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾದ ಸಂಘವಾಗಿರುತ್ತದೆ, ಇಲ್ಲವೇ ಟ್ರಸ್ಟ್ ಪತ್ರದ ಮೂಲಕ ಸ್ಥಾಪನೆಯಾದ ಸಾರ್ವಜನಿಕ ದತ್ತಿಯಾಗಿರುತ್ತದೆ. ಇಂಥ ಸಂಸ್ಥೆ ಕೊಡುವುದು ಧರ್ಮಾರ್ಥದ ನೆರವು, ಅದನ್ನು ಪಡೆಯುವವರು, ಅಂದರೆ ಫಲಾನುಭವಿಗಳು, ಪ್ರಶ್ನಿಸುವಂತಿಲ್ಲ ಎಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. ನೆರವು ಕೊಡಲೇಬೇಕೆಂದು ಖಾಸಗಿ ದತ್ತಿಯನ್ನು ಸಾಮಾನ್ಯವಾಗಿ ಒತ್ತಾಯಿಸಲು ಬರುವುದಿಲ್ಲವಾದರೂ, ಕೊಡುವಾಗ ಜಾತಿ ಕೇಳಿ ಕೈ ಹಿಂದೆಗೆಯುವುದನ್ನು ಕಾನೂನು ಅಪರಾಧವೆಂದೇ ಎಣಿಸುತ್ತದೆ.

ಸಂವಿಧಾನದ 15(1)ನೇ ವಿಧಿ ತಾರತಮ್ಯ ಮಾಡದಂತೆ ನಿರ್ಬಂಧಿಸುವುದು ಪ್ರಭುತ್ವವನ್ನು. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ 17ನೇ ವಿಧಿಯಾದರೋ ಖಾಸಗಿ ವ್ಯಕ್ತಿಗಳಿಗೂ ಅನ್ವಯಿಸುತ್ತದೆ. ಅದನ್ನು ಜಾರಿಗೆ ತರುವ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೇ ಪ್ರಕರಣವು, ಸಾರ್ವಜನಿಕರ ಅಥವಾ ಅವರಲ್ಲಿ ಯಾವುದೇ ವರ್ಗದ ಹಿತಕ್ಕಾಗಿ ಸ್ಥಾಪಿಸಿದ ದತ್ತಿಯ ಪ್ರಯೋಜನವನ್ನು ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದನ್ನು ಹೆಸರಿಸಿಯೇ ದಂಡನೀಯಗೊಳಿಸಿದೆ. ಸಾರ್ವಜನಿಕರಿಗಾಗಿ ಇರುವ ಆಸ್ಪತ್ರೆ, ಹಾಸ್ಟೆಲ್‌ಗಳಿಗೆ ಪ್ರವೇಶ ನಿರಾಕರಿಸುವುದು 5ನೇ ಪ್ರಕರಣದಡಿ ಬರುತ್ತದೆ. 100ರಿಂದ 500 ರೂಪಾಯಿಯ ದಂಡ ಇಂದಿಗೆ ನಗೆ ಬರಿಸುವಷ್ಟು ಅಲ್ಪವಾದರೂ ಅದರ ಜೊತೆಗೆ ಒಂದರಿಂದ ಆರು ತಿಂಗಳ ಸೆರೆವಾಸವೂ ಇದೆ. ಇವೆಲ್ಲಕ್ಕಿಂತ ಬಲವಾದದ್ದು 12ನೇ ಪ್ರಕರಣ: ಅಪರಾಧವೆನಿಸುವ ಕೃತ್ಯ ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತೆಂದು ನ್ಯಾಯಾಲಯ ಭಾವಿಸಿಕೊಳ್ಳಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಯದು.

1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಅಧಿನಿಯಮ ಇನ್ನೂ ಕಠಿಣ. ಅದರ 18ಎ ಪ್ರಕರಣದ ಪ್ರಕಾರ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಆರೋಪ ಹೊರಬಂದಾಗ ಪ್ರಕರಣ ದಾಖಲಾಗಿ ಬಂಧನವೂ ಆಯಿತು. ಅಲ್ಲಿದ್ದದ್ದು ಸರ್ಕಾರಿ ಸಂಸ್ಥೆ. ಆದರೆ ಖಾಸಗಿ ಹಾಸ್ಟೆಲ್‌ಗೂ ಇದೇ ಅಧಿನಿಯಮ ಅನ್ವಯಿಸುತ್ತದೆ.

ಅಂಗವಿಕಲರಿಗೆ 2016ರ, ಎಚ್‌ಐವಿ ಸೋಂಕಿತರಿಗೆ 2017ರ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಅಧಿನಿಯಮಗಳ ರಕ್ಷಣೆಯಿದೆ. ಕೊನೆಯದರ 11ನೇ ಪ್ರಕರಣದಂತೆ ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಬೇಕು. ಲೈಂಗಿಕ ಕಿರುಕುಳವಾದರೆ, ನೊಂದ ಮಹಿಳೆ ಅಲ್ಲಿಯ ಉದ್ಯೋಗಿಯಲ್ಲದಿದ್ದರೂ, ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ, ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇವುಗಳಾಚೆಗೆ ಧರ್ಮ, ಭಾಷೆ ಮೊದಲಾದ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಸಮಗ್ರ ಕಾನೂನು ದೇಶದಲ್ಲಿಲ್ಲ ಎಂಬುದು ದೊಡ್ಡ ಕೊರತೆಯೇ ಸರಿ.

ಸಂಸ್ಥೆಗೆ ಕೊಡುವ ದೂರು ಬರಹದಲ್ಲಿರುವುದು ಒಳ್ಳೆಯದು: ದಿನಾಂಕ, ನಿರಾಕರಿಸಿದ ಸೇವೆ, ನಿರಾಕರಿಸಿದವರು, ಆಡಿದ ಮಾತು, ಸಾಕ್ಷಿಗಳು ಇವಿಷ್ಟನ್ನೂ ಬರೆದು, ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ಸಹಿ, ಅಂದರೆ ಸ್ವೀಕೃತಿ, ಪಡೆಯಬೇಕು. ಅಪರಾಧವಾಗಿದ್ದರೆ ಸಂಸ್ಥೆಯ ಉತ್ತರಕ್ಕೆ ಕಾಯಬೇಕಿಲ್ಲ. ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳಿಸಿ, ಅಲ್ಲೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟರು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಮೂಲಕ ಉಚಿತ ವಕೀಲರು ದೊರೆಯುತ್ತಾರೆ, ಸಹಾಯವಾಣಿ 15100.

ಸಂಸ್ಥೆ ಸರ್ಕಾರದ ಅನುದಾನ ಪಡೆಯುತ್ತಿದ್ದರೆ ಅನುದಾನ ಕೊಟ್ಟ ಇಲಾಖೆಗೂ ದೂರಬಹುದು, ಅನುದಾನದ ಷರತ್ತುಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಆ ಇಲಾಖೆಯಿಂದಲೇ ಕೇಳಬಹುದು. ಗಣನೀಯವಾಗಿ ಸರ್ಕಾರದ ಹಣದಿಂದಲೇ ನಡೆಯುವ ಸ್ವಯಂಸೇವಾ ಸಂಸ್ಥೆ ತಾನೇ ಮಾಹಿತಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಟ್ರಸ್ಟಿನ ಉದ್ದೇಶವನ್ನೇ ಟ್ರಸ್ಟಿಗಳು ಮೀರಿದ್ದರೆ, ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚಿನವರು ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಪ್ರಕರಣದಡಿ ದಾವೆ ಹೂಡಬಹುದು. ಒಬ್ಬರೇ ಹೂಡಲು ಬರುವುದಿಲ್ಲ.