ಇಲಿಯ ಗರ್ಭಕೋಶದ ನೀರು, ನಿಮ್ಮ ಗುಳಿಗೆ

ಅಕ್ಕಾರೆ, ನಮ್ಮೂರು ಇಂಡಿ ತಾಲ್ಲೂಕು. ಯಜಮಾನರು ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ, ಭುಸಾರ್ ಬಜಾರದ ಬೆಲ್ಲದಂಗಡಿಯೊಂದರಲ್ಲಿ ದಿವಾನಜಿ. ನನಗೀಗ 33. ಮದುವೆಯಾಗಿ ಎಂಟು ವರ್ಷಕ್ಕೆ ಐವಿಎಫ್ ಮಾಡಿಸಿದೆವು. ಇಂಜೆಕ್ಷನ್ ತಗೊಂಡ ತಿಂಗಳಲ್ಲೇ ಒಂದು ಭ್ರೂಣ ಇಟ್ಟರು, ನಿಲ್ಲಲಿಲ್ಲ. ಇನ್ನೆರಡನ್ನು ಫ್ರೀಜ್ ಮಾಡಿದ್ದಾರೆ. ಮುಂದಿನ ತಿಂಗಳು ಈಸ್ಟ್ರೋಜನ್ ಗುಳಿಗೆ, ಆಮೇಲೆ ಪ್ರೊಜೆಸ್ಟರಾನ್ ಅಂತೆ. ಹಾರ್ಮೋನು ಕೊಟ್ಟರೆ ಇಲಿಯ ಗರ್ಭಕೋಶದ ನೀರಿನ ಪ್ರೋಟೀನೇ ಬದಲಾಗುತ್ತದೆ ಎಂದು ಬಿ.ಫಾರ್ಮ ಓದುವ ನಾದಿನಿಯ ಮಗಳು ಹೇಳಿದಳು. "ಸೂಜಿ ಚುಚ್ಚಿಸಿಕೊಂಡು ಕೂಸಿನ ಚೀಲ ಕೆಡಿಸಿಕೊಂಡಿ" ಅಂತ ಅತ್ತೆಯವರ ಮಾತು. ಯಾರಿಗೂ ಹೇಳದೆ ಗುಳಿಗೆ ಬಿಟ್ಟುಬಿಡಲೇ?
— ಹೆಸರು ಬೇಡ, ಮಾರ್ಕೆಟ್ ಯಾರ್ಡ್, ಪುಣೆ

ತಂಗಿ, ಬಿಡಬೇಡಿ. ಚಿಕಿತ್ಸೆಯೇ ಬೇಡವೆನಿಸಿದರೆ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಿ ನಿಲ್ಲಿಸಿ, ಅದು ನಿಮ್ಮ ಹಕ್ಕು. ಶುರುಮಾಡಿ ನಡುವೆ ಕದ್ದು ಬಿಡುವುದು ಮಾತ್ರ ಬೇಡ. ಗುಳಿಗೆಯಿಂದ ಗರ್ಭಕೋಶ ಸಿದ್ಧಮಾಡುವ ತಿಂಗಳಲ್ಲಿ ಸಾಮಾನ್ಯವಾಗಿ ಅಂಡ ಬಿಡುಗಡೆಯಾಗುವುದಿಲ್ಲ. ಅಂಡ ಬಿಟ್ಟ ಜಾಗದಲ್ಲೇ ಪ್ರೊಜೆಸ್ಟರಾನ್ ಹುಟ್ಟಬೇಕಾದ್ದರಿಂದ, ಆಗ ಹೊರಗಿನಿಂದ ಕೊಟ್ಟದ್ದೇ ಗರ್ಭಕ್ಕೆ ಆಸರೆ. ಎಂಟು–ಹತ್ತು ವಾರಕ್ಕೆ ಮಾಸು ಆ ಕೆಲಸ ವಹಿಸಿಕೊಳ್ಳುವವರೆಗೂ ಹಾಗೆಯೇ.

ಇನ್ನು ಇಲಿಯ ವಿಷಯ. ಹುಡುಗಿ ಓದಿದ್ದು ಸುಳ್ಳಲ್ಲ, ಅರ್ಧ ಮಾತ್ರ ಓದಿದ್ದಾಳೆ. ಹೆಣ್ಣು ಇಲಿಯ ಋತುಚಕ್ರ ನಾಲ್ಕೈದು ದಿನದ್ದು. ಅಂಡ ಬಿಡುವ ಮೊದಲು ಈಸ್ಟ್ರೋಜನ್ ಏರುತ್ತದೆ, ಗರ್ಭಕೋಶ ನೀರು ತುಂಬಿ ಉಬ್ಬುತ್ತದೆ. ಪ್ರೊಜೆಸ್ಟರಾನ್ ಬಂದಮೇಲೆ ಆ ನೀರು ಇಂಗಿಹೋಗುತ್ತದೆ. ಸಣ್ಣ ಇಲಿಗಳಲ್ಲಿ, ಎಂದರೆ ಮೌಸ್ ಜಾತಿಯಲ್ಲಿ, ಆ ನೀರಿನ ಮುಖ್ಯ ಪ್ರೋಟೀನು ಲ್ಯಾಕ್ಟೊಫೆರಿನ್. ಅಂಡಾಶಯ ತೆಗೆದರೆ ಅದು ತೀರಾ ಇಳಿಯುತ್ತದೆ, ಈಸ್ಟ್ರೋಜನ್ ಕೊಟ್ಟರೆ ಮತ್ತೆ ಏರುತ್ತದೆ. ನಿಮ್ಮನ್ನು ಹೆದರಿಸಿದ ಪ್ರಯೋಗವೇ ನಿಮಗೆ ಧೈರ್ಯ ಹೇಳುತ್ತಿದೆ: ಆ ಬದಲಾವಣೆ ಹಾರ್ಮೋನು ಇರುವಷ್ಟು ಹೊತ್ತಿನದು. ನಿಮ್ಮ ಯಾರ್ಡಿನ ಹೂವಿನ ಬಜಾರದ ಹಾಗೆ, ಇಂದಿನ ಆವಕ ಇಂದಿಗೆ. ಹೋದ ಸಲದ ಇಂಜೆಕ್ಷನ್ನಿನ ನೀರು ಗರ್ಭಕೋಶದಲ್ಲಿ ಕೊಳೆಯುತ್ತ ನಿಂತಿಲ್ಲ. ಒಳಪದರವೂ ಮುಟ್ಟಿನೊಂದಿಗೆ ಕಳಚಿ ಹೊಸದಾಗಿ ಬೆಳೆಯುತ್ತದೆ.

ಈ ಪ್ರೋಟೀನುಗಳ ಹಿಂದೆ ವಿಜ್ಞಾನಿಗಳು ಬಿದ್ದದ್ದು ಭ್ರೂಣ ಹೇಗೆ ನಿಲ್ಲುತ್ತದೆ ಎಂದು ತಿಳಿಯಲು. ಗರ್ಭಕೋಶದ ಗ್ರಂಥಿಗಳು ಸ್ರವಿಸುವ ಲಿಫ್ ಎಂಬ ಪ್ರೋಟೀನು ಇಲ್ಲದ ಸಣ್ಣ ಹೆಣ್ಣಿಲಿಗಳಲ್ಲಿ ಒಳ್ಳೆಯ ಭ್ರೂಣವೂ ಅಂಟಿಕೊಳ್ಳಲಿಲ್ಲ. ಅದೇ ಭ್ರೂಣವನ್ನು ಬೇರೆ ಇಲಿಯಲ್ಲಿಟ್ಟರೆ ಬೆಳೆಯಿತು. ಇದು ಗೊತ್ತಾದದ್ದು 1992ರಲ್ಲಿ. ಅದಕ್ಕೂ ಮೊದಲು, 1978ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ರಾಧಾಕಾಂತ ಅಡಿಗ ಮತ್ತು ಕೆ. ಮುನಿಯಪ್ಪ ಬಿ2 ಜೀವಸತ್ವ ಹೊರುವ ಪ್ರೋಟೀನೊಂದು ಬಸುರಿ ಇಲಿಯಲ್ಲಿ ಈಸ್ಟ್ರೋಜನ್ನಿನಿಂದ ಹುಟ್ಟುವುದನ್ನು ತೋರಿಸಿದರು. ಅದನ್ನು ಪ್ರತಿಕಾಯಗಳಿಂದ ತಡೆದರೆ ಗರ್ಭ ನಿಲ್ಲುತ್ತಿರಲಿಲ್ಲ. ಅದು ರಕ್ತದ ಪ್ರೋಟೀನು, ಗರ್ಭಕೋಶದ ನೀರಿನದ್ದಲ್ಲ, ಆದರೆ ಹಾರ್ಮೋನಿನ ಅಪ್ಪಣೆಗೆ ಕಾಯುವುದರಲ್ಲಿ ಎರಡೂ ಒಂದೇ. ನಮ್ಮ ನಾಡಿನಲ್ಲೇ ಇಂಥ ಕೆಲಸ ನಡೆದದ್ದು ನಾದಿನಿಯ ಮಗಳಿಗೂ ತಿಳಿಯಲಿ.

ನಿಮಗೆ ನೇರ ಸಂಬಂಧಪಟ್ಟದ್ದು ಇನ್ನೊಂದಿದೆ. ಈಸ್ಟ್ರೋಜನ್ ಹದಕ್ಕಿಂತ ಹೆಚ್ಚಾದರೆ ಭ್ರೂಣ ಅಂಟಿಕೊಳ್ಳುವ ಅವಧಿ ಬೇಗ ಮುಗಿಯುತ್ತದೆ ಎಂದು ಸಣ್ಣ ಇಲಿಗಳಲ್ಲಿ 2003ರಲ್ಲಿ ಕಂಡುಬಂತು. ಐವಿಎಫ್ ಇಂಜೆಕ್ಷನ್ನಿನಿಂದ ಒಮ್ಮೆಲೇ ಹಲವು ಅಂಡಗಳು ಬಲಿಯುವಾಗ ನಮ್ಮಲ್ಲೂ ಈಸ್ಟ್ರೋಜನ್ ಸಹಜಕ್ಕಿಂತ ಬಹಳ ಮೇಲೇರುತ್ತದೆ. ಭ್ರೂಣಗಳನ್ನು ಫ್ರೀಜ್ ಮಾಡಿ, ಬೇರೆ ತಿಂಗಳು ಶಾಂತವಾದ ಗರ್ಭಕೋಶದಲ್ಲಿ ಇಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಎಂದರೆ ನೀವು ಅನುಮಾನಿಸುತ್ತಿರುವ ಗುಳಿಗೆಯ ತಿಂಗಳೇ ನಿಮ್ಮ ಭಯಕ್ಕೆ ಡಾಕ್ಟರು ಕೊಟ್ಟಿರುವ ಉತ್ತರ. ಹಾಗೆಂದು ಇಲಿಯ ಲೆಕ್ಕವನ್ನು ಸೀದಾ ನಮಗೆ ಹಚ್ಚಲಾಗದು. ಭ್ರೂಣ ಅಂಟಲು ಇಲಿಗೆ ಕೊನೆಗಳಿಗೆಯಲ್ಲಿ ಒಂದಿಷ್ಟು ಈಸ್ಟ್ರೋಜನ್ ಬೇಕೇಬೇಕು, ಮನುಷ್ಯರಲ್ಲಿ ಹಾಗಿಲ್ಲ.

ಮೊದಲ ಭ್ರೂಣ ಏಕೆ ನಿಲ್ಲಲಿಲ್ಲ? ಬಹಳ ಸಲ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇರುತ್ತದೆ. ಅದು ನಿಮ್ಮ ತಪ್ಪಲ್ಲ, ಸೂಜಿಯಿಂದ ಗರ್ಭಕೋಶ ಕೆಟ್ಟದ್ದೂ ಅಲ್ಲ. ಅತ್ತೆಯವರಿಗೆ ಪ್ರೋಟೀನಿನ ಪಾಠ ಹೇಳಹೋಗಬೇಡಿ, ಉಪಯೋಗವಿಲ್ಲ. "ಡಾಕ್ಟರ ಹತ್ತಿರ ನೀವೂ ಬರ್ರಿ" ಅನ್ನಿ, ಸಾಕು.

ಒಂದು ಎಚ್ಚರಿಕೆ. ಗರ್ಭಕೋಶ ಯಾವ ಗಳಿಗೆಗೆ ಸಿದ್ಧವಾಗುತ್ತದೆಂದು ಒಳಪದರದ ಚೂರು ತೆಗೆದು ಹೇಳುವ ಇಆರ್‌ಎ ಎಂಬ ದುಬಾರಿ ಪರೀಕ್ಷೆಯನ್ನು ಯಾರಾದರೂ ಸೂಚಿಸಿದರೆ, ತಕ್ಷಣ ಹಣ ಕಟ್ಟಬೇಡಿ. 2022ರಲ್ಲಿ ಏಳುನೂರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಅದರಂತೆ ಸಮಯ ಬದಲಿಸಿದ್ದರಿಂದ ಹೆರಿಗೆಗಳೇನೂ ಹೆಚ್ಚಲಿಲ್ಲ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಸಾಧಕ-ಬಾಧಕ, ಯಶಸ್ಸಿನ ಸಾಧ್ಯತೆಗಳನ್ನು ನಿಮಗೆ ತಿಳಿಸಿ ಹೇಳುವುದು ಕ್ಲಿನಿಕ್ಕಿನ ಕರ್ತವ್ಯ. ಪ್ರೊಜೆಸ್ಟರಾನ್ ಯಾವ ದಿನ, ಎಷ್ಟು ಗಂಟೆಗೆ ಶುರು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದನ್ನು ಬರೆಸಿಕೊಳ್ಳಿ. ಯಜಮಾನರು ಅಂಗಡಿಯಿಂದ ಅರ್ಧ ದಿನ ರಜೆ ಕೇಳಿ ಜೊತೆಗೆ ಬರಲಿ. ಅವರ ವೀರ್ಯದ ವರದಿ ಏನೆಂದಿತು ಎಂಬುದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಅದನ್ನೂ ಕೇಳಿ.