ಓದು ಹತ್ತದ ಮಕ್ಕಳಿಗೆ ಮನೆಯಲ್ಲಿ ಮಾಡತಕ್ಕ ಸಹಾಯ

ಪ್ರತಿ ವರ್ಷವೂ ಶಾಲೆ ತೆರೆದ ಕೆಲವು ವಾರಗಳಲ್ಲಿಯೇ ಒಬ್ಬಿಬ್ಬರು ತಾಯಂದಿರು ನಮ್ಮ ಬಳಿಗೆ ಬಂದು, “ಟೀಚರಮ್ಮಾ, ನಮ್ಮ ಹುಡುಗಿ ಮಾತಿನಲ್ಲಿ ಚುರುಕು, ಕೆಲಸದಲ್ಲಿಯೂ ಚುರುಕು, ಪುಸ್ತಕ ತೆರೆದರೆ ಮಾತ್ರ ಕಲ್ಲಿನಂತೆ ಕುಳಿತುಬಿಡುತ್ತಾಳೆ. ಬೈದರೂ ಹೊಡೆದರೂ ಓದು ಹತ್ತುವುದಿಲ್ಲ” ಎಂದು ದುಃಖಪಡುವುದುಂಟು. ಇಂತಹ ಮಕ್ಕಳನ್ನು ಸೋಮಾರಿಗಳೆಂದು ಕರೆಯುವುದು ಬಹು ಸುಲಭ. ಉಪಾಧ್ಯಾಯಿನಿಯರಾದ ನಾವೂ ಹಾಗೆ ಕರೆದವರೇ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಪಾಠವನ್ನು ಒಪ್ಪಿಸುವುದರಲ್ಲಿ ಆಕೆಗೆ ಸಮಾನರಿರಲಿಲ್ಲ. ಆದರೆ ಉಕ್ತಲೇಖನದಲ್ಲಿ ಸಾಲಿಗೆ ನಾಲ್ಕು ತಪ್ಪುಗಳು. ಆಕೆಯ ಪ್ರಗತಿಪತ್ರದಲ್ಲಿ ನಾವು ಎರಡು ಸಲ “ಲಕ್ಷ್ಯ ಸಾಲದು” ಎಂದು ಬರೆದೆವು. ಒಂದು ದಿನ ಹಿಂದೆ ಕಾಣದ ಪಾಠವೊಂದನ್ನು ಓದಲು ಕೊಟ್ಟಾಗ, ಆಕೆ ಚಿತ್ರವನ್ನು ನೋಡಿ ತಾನೇ ಕಥೆ ಕಟ್ಟಿ ಹೇಳತೊಡಗಿದಳು. ಪಕ್ಕದ ಹುಡುಗಿ ಗಟ್ಟಿಯಾಗಿ ಓದುವುದನ್ನು ಕೇಳಿ ಆವರೆಗೂ ಎಲ್ಲವನ್ನೂ ಕಂಠಪಾಠ ಮಾಡಿದ್ದಳೆಂದು ಆಗ ತಿಳಿಯಿತು. ಅಷ್ಟು ಲಕ್ಷ್ಯವಿದ್ದ ಮಗುವನ್ನು ಲಕ್ಷ್ಯವಿಲ್ಲದವಳೆಂದು ಬರೆದ ತಪ್ಪು ನಮ್ಮದು.

ಈ ತೊಂದರೆಗೆ ಡಿಸ್ಲೆಕ್ಸಿಯ ಎಂದು ಹೆಸರು. ಈ ಪದವನ್ನು 1887ರಲ್ಲಿ ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ಎಂಬವರು, ರೋಗದಿಂದ ಓದುವ ಶಕ್ತಿಯನ್ನು ಕಳೆದುಕೊಂಡ ದೊಡ್ಡವರ ವಿಷಯವಾಗಿ ಬಳಸಿದರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬವರು ಹದಿನಾಲ್ಕು ವಯಸ್ಸಿನ ಬಾಲಕನೊಬ್ಬನ ವಿಷಯವನ್ನು ಪ್ರಕಟಿಸಿದರು. ಅವನ ಕಣ್ಣು ಚೆನ್ನಾಗಿತ್ತು, ಲೆಕ್ಕ ಬರುತ್ತಿತ್ತು. ಓದು ಮಾತ್ರ ಬರಲಿಲ್ಲ. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಯಲ್ಲಿ ಅವನೇ ಅತಿ ಬುದ್ಧಿವಂತನಾಗುವನೆಂದು ಅವನ ಉಪಾಧ್ಯಾಯರು ತಿಳಿದಿದ್ದರಂತೆ.

ಇದು ಬುದ್ಧಿಯ ಕೊರತೆಯಲ್ಲ. ಕೇಳಿದ ಪದವನ್ನು ಧ್ವನಿಗಳಾಗಿ ಬಿಡಿಸುವುದೂ ಆ ಧ್ವನಿಗಳನ್ನು ಅಕ್ಷರಗಳೊಡನೆ ಕೂಡಿಸುವುದೂ ಇಂತಹವರಿಗೆ ಕಷ್ಟ. ಅನೇಕ ವೇಳೆ ಇದು ವಂಶದಲ್ಲಿಯೂ ಬರುವುದರಿಂದ, ಮಗಳನ್ನು ಗದರಿಸುವ ತಂದೆಗೇ ಬಾಲ್ಯದಲ್ಲಿ ಇದೇ ಕಷ್ಟವಿದ್ದಿರಬಹುದು. ನಮ್ಮ ಕನ್ನಡ ಲಿಪಿಯು ಉಚ್ಚಾರಣೆಗೆ ಹತ್ತಿರವಾದರೂ ಇಂಥ ಮಕ್ಕಳಿಗೆ ಅದರಲ್ಲಿಯೂ ತೊಡಕುಗಳುಂಟು. ಬ, ಭ, ದ, ಧ, ವ, ಮ ಇವುಗಳ ಭೇದ ಸೂಕ್ಷ್ಮವಾದುದು. ಒತ್ತಕ್ಷರವೂ ದೀರ್ಘವೂ ಬಿಟ್ಟುಹೋಗುತ್ತವೆ. “ಸೂರ್ಯ” ಎನ್ನುವಾಗ ಬಾಯಲ್ಲಿ ರಕಾರವು ಮೊದಲು ಬರುತ್ತದೆ. ಬರಹದಲ್ಲಿಯಾದರೋ ಅದು ಅರ್ಕಾವೊತ್ತಾಗಿ ಯಕಾರದ ಹಿಂದೆ ಕುಳಿತುಕೊಳ್ಳುತ್ತದೆ.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಮೊದಲು ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸಿರಿ. ಅವು ಸರಿಯಾಗಿದ್ದರೆ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಒಂದನೆಯದಾಗಿ, ಕಿವಿಯನ್ನು ಪಳಗಿಸಬೇಕು. ಇದಕ್ಕೆ ಪುಸ್ತಕ ಬೇಡ. ತರಕಾರಿ ಹೆಚ್ಚುತ್ತಿರುವಾಗಲೇ, “ಅರಸ ಎಂಬುದರಲ್ಲಿ ಅ ತೆಗೆದರೆ ಏನು ಉಳಿಯಿತು? ಮನೆ ಎಂಬುದರಲ್ಲಿ ಮ ತೆಗೆದು ತೆ ಇಟ್ಟರೆ ಏನಾಯಿತು?” ಎಂದು ಕೇಳಿರಿ. ರಸ, ತೆನೆ ಎಂದು ಮಗು ನಗುತ್ತ ಹೇಳಲಿ.

ಎರಡನೆಯದಾಗಿ, ಕಣ್ಣು, ಕಿವಿ, ಬಾಯಿ, ಕೈ ಇವು ನಾಲ್ಕೂ ಕೂಡಿ ಕೆಲಸ ಮಾಡಬೇಕು. ಮೊರದಲ್ಲಿ ಮರಳು ಹರಡಿ, ಅಕ್ಷರವನ್ನು ಬಾಯಲ್ಲಿ ಹೇಳುತ್ತಲೇ ಬೆರಳಿನಿಂದ ಬರೆಯಿಸಿರಿ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿರಿ. ಬ ಗಟ್ಟಿಯಾದ ಮೇಲೆಯೇ ಭ ಬರಲಿ.

ಮೂರನೆಯದಾಗಿ, ದಿನಕ್ಕೆ ಹದಿನೈದು ನಿಮಿಷ ಜೊತೆಗೂಡಿ ಓದಿರಿ. ತಾಯಿ ಒಂದು ಸಾಲು ಓದಲಿ. ಅದೇ ಸಾಲನ್ನು ಮಗು ಬೆರಳಿಟ್ಟು ಓದಲಿ. ಕೆಳಗಿನ ಸಾಲುಗಳನ್ನು ಕಾಗದದ ಪಟ್ಟಿಯಿಂದ ಮುಚ್ಚಿರಿ. ಮಗು ತಡೆದು ನಿಂತರೆ ಸ್ವಲ್ಪ ಕಾದು ಪದವನ್ನು ನೀವೇ ಹೇಳಿ ಮುಂದಕ್ಕೆ ಸಾಗಿರಿ. ದಣಿದ ಮಗುವನ್ನು ಇನ್ನೊಂದು ಗಂಟೆ ಕೂಡಿಸುವುದರಿಂದ ಪುಸ್ತಕದ ಮೇಲೆ ಭಯ ಹುಟ್ಟುವುದಲ್ಲದೆ ಬೇರೆ ಲಾಭವಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಓದು ನಿಧಾನವೆಂದು ಜ್ಞಾನವೂ ಹಿಂದುಳಿಯಬಾರದು. ಚರಿತ್ರೆ, ವಿಜ್ಞಾನ, ಕಥೆಗಳನ್ನು ಗಟ್ಟಿಯಾಗಿ ಓದಿ ಕೇಳಿಸಿರಿ. ಉತ್ತರಗಳನ್ನು ಬಾಯಲ್ಲಿ ಹೇಳಿಸಿರಿ. ತಂಗಿಯೊಡನೆ ಹೋಲಿಸಬೇಡಿರಿ. ಹತ್ತು ಪದಗಳಲ್ಲಿ ಆರು ಸರಿಯಾಗಿದ್ದರೆ ಆ ಆರನ್ನು ಮೊದಲು ತೋರಿಸಿರಿ.

ಮನೆಯ ಸಹಾಯದೊಡನೆ ತಜ್ಞರ ಸಹಾಯವೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಇಂತಹ ಮಕ್ಕಳನ್ನು ಪರೀಕ್ಷಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದವರಿಗೆ ಸಾರ್ವಜನಿಕ ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಬರೆದುಕೊಡುವವರ ಸಹಾಯ ಮುಂತಾದ ಅನುಕೂಲಗಳು ದೊರೆಯುತ್ತವೆ. ಮಗಳಿಗೆ ಹೆಸರು ಅಂಟುವುದೆಂದು ಕೆಲವರು ಹಿಂಜರಿಯುತ್ತಾರೆ. “ದಡ್ಡಿ” ಎಂಬ ಹೆಸರು ಆಕೆಗೆ ಆಗಲೇ ಅಂಟಿರುವುದನ್ನು ಅವರು ಯೋಚಿಸಬೇಕು.

ಮೇಲೆ ಹೇಳಿದ ಹುಡುಗಿಯ ತಾಯಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವರು. “ನನ್ನಿಂದೇನಾದೀತು?” ಎಂದು ಅವರು ಕಣ್ಣೊರಸಿಕೊಂಡರು. ನಾವು ನಮ್ಮ ತಪ್ಪನ್ನು ಅವರ ಮುಂದೆ ಒಪ್ಪಿಕೊಂಡು, ಮೊರವನ್ನೂ ಮರಳನ್ನೂ ಕುರಿತು ಹೇಳಿಕೊಟ್ಟೆವು. ಅವರು ಪ್ರತಿ ರಾತ್ರಿ ಮಗಳೊಡನೆ ಕುಳಿತು ಸಾಲು ಸಾಲಾಗಿ ಓದಿದರು. ಅವರಿಗೂ ಓದು ಗಟ್ಟಿಯಾಯಿತು. ಆ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಓದು ಇಂದಿಗೂ ನಿಧಾನವೇ. ಒತ್ತಕ್ಷರಗಳು ಇಂದಿಗೂ ಕಾಡುತ್ತವೆ. ಆದರೆ ಕಳೆದ ತಿಂಗಳು ಬೆಳಗಿನ ಸಭೆಯಲ್ಲಿ ಸುದ್ದಿ ಓದುವ ಸರದಿ ತನಗೂ ಬೇಕೆಂದು ತಾನಾಗಿ ಕೇಳಿದಳು. ಬೆರಳಿಟ್ಟುಕೊಂಡು ಆರು ಸಾಲು ಓದಿದಳು. ಸಭೆಯೆಲ್ಲವೂ ಸಾವಕಾಶವಾಗಿ ನಿಂತು ಕೇಳಿತು.