ಅಲಗಿನ ಮೇಲಣ ಲಿಪಿ: ಪ್ರತಿಕೃತಿ ರಚನೆ ಮತ್ತು ಪಾಠನಿರ್ಣಯ

ಲಿಪಿಯ ಇತಿಹಾಸವನ್ನು ಅಭ್ಯಸಿಸುವವರ ಗಮನ ಸಾಮಾನ್ಯವಾಗಿ ಕಲ್ಲು, ತಾಮ್ರಪಟ, ಓಲೆಗರಿ, ಕಾಗದಗಳ ಕಡೆಗೆ ಹರಿಯುತ್ತದೆ. ಆಯುಧದ ಅಲಗು ಕೂಡ ಬರವಣಿಗೆಗೆ ಆಸರೆಯಾಗಿತ್ತೆಂಬುದಕ್ಕೆ ಯುರೋಪಿನ ಆದಿ ಮಧ್ಯಯುಗ ಸಾಕ್ಷ್ಯ ಒದಗಿಸುತ್ತದೆ. ಅಂಥ ಅಲಗುಗಳ ಪ್ರತಿಕೃತಿಯನ್ನು ಕುಲುಮೆಯಲ್ಲಿ ರೂಪಿಸಿ, ಲೋಹದ ತಂತಿ ಕೂರಿಸಿ ಅಲಂಕರಿಸುವುದು ಮೇಲ್ನೋಟಕ್ಕೆ ಬರಿಯ ಕಮ್ಮಾರಿಕೆ. ಆದರೆ ಗ್ರಂಥಸಂಪಾದನೆಯ ಮೂಲ ಪ್ರಶ್ನೆಗಳೆಲ್ಲ ಅಲ್ಲಿ ಬೇರೊಂದು ರೂಪದಲ್ಲಿ ಎದುರಾಗುತ್ತವೆ.

1857ರಲ್ಲಿ ಲಂಡನ್ನಿನ ಬ್ಯಾಟರ್ಸಿ ಬಳಿ ಥೇಮ್ಸ್ ನದಿಯಲ್ಲಿ ದೊರೆತು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಸ್ಯಾಕ್ಸ್ ಇದಕ್ಕೆ ಉತ್ತಮ ನಿದರ್ಶನ. ಸ್ಯಾಕ್ಸ್ ಎಂಬುದು ಒಂದೇ ಬದಿಯಲ್ಲಿ ಬಾಯುಳ್ಳ ಉದ್ದನೆಯ ಕತ್ತಿ. ಹತ್ತನೆಯ ಶತಮಾನದ್ದೆಂದು ಭಾವಿಸಲಾದ ಈ ಆಯುಧದ ಉದ್ದ ಸುಮಾರು 72 ಸೆಂಟಿಮೀಟರ್. ಅದರ ಒಂದು ಮೈಯಲ್ಲಿ ಆಂಗ್ಲೋ-ಸ್ಯಾಕ್ಸನ್ ರೂನ್ ಲಿಪಿಯ 28 ಅಕ್ಷರಗಳ ಮಾಲೆಯೂ ‘ಬೇಗ್‌ನೋಥ್’ ಎಂಬ ಹೆಸರೂ ಇವೆ. ಆ ಹೆಸರು ಕತ್ತಿಯನ್ನು ಮಾಡಿದವನದೋ ಒಡೆಯನದೋ ಎಂಬುದು ಇತ್ಯರ್ಥವಾಗಿಲ್ಲ. ಶಾಸನವನ್ನು ರಚಿಸಿದ ಕವಿ, ಬರೆದ ಲೇಖಕ, ಕಂಡರಿಸಿದ ರೂವಾರಿ ಇವರನ್ನು ಬೇರೆಬೇರೆಯಾಗಿ ಗುರುತಿಸಲು ಯತ್ನಿಸುವ ಕನ್ನಡ ಶಾಸನಾಭ್ಯಾಸಿಗಳಿಗೆ ಈ ಸಮಸ್ಯೆ ಅಪರಿಚಿತವಲ್ಲ.

ಈ ಅಕ್ಷರಗಳು ಕೇವಲ ಗೀರುಗಳಲ್ಲ. ಕಬ್ಬಿಣದಲ್ಲಿ ಕಾಲುವೆ ತೋಡಿ, ತಾಮ್ರ, ಕಂಚು, ಬೆಳ್ಳಿಯ ತಂತಿಗಳನ್ನು ಅದರೊಳಗೆ ಬಡಿದು ಕೂರಿಸಲಾಗಿದೆ. ಬೀದರಿನ ಬಿದ್ರಿ ಕೆಲಸವನ್ನು ಬಲ್ಲವರಿಗೆ ಇದರ ತತ್ತ್ವ ಬೇಗ ತಿಳಿಯುತ್ತದೆ. ಪ್ರತಿಕೃತಿಕಾರನು ಮೊದಲು ಅಲಗನ್ನು ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ಆಕಾರಕ್ಕೆ ತರುತ್ತಾನೆ. ಅಕ್ಷರ ತೋಡುವ ಕೆಲಸ ಲೋಹ ಮೆದುವಾಗಿರುವಾಗಲೇ ಮುಗಿಯಬೇಕು. ಕೆಂಪಗೆ ಕಾಯಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ ಗಡಸುಗೊಳಿಸಿದ ಉಕ್ಕಿಗೆ ಉಳಿ ಸುಲಭವಾಗಿ ಇಳಿಯದು. ಕಾಲುವೆಯ ತಳ ಬಾಯಿಗಿಂತ ತುಸು ಅಗಲವಾಗಿದ್ದರೆ, ಬಡಿದ ತಂತಿ ಹರಡಿಕೊಂಡು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಎರಡು ಬಣ್ಣದ ತಂತಿಗಳನ್ನು ಹೊಸೆದು ಕೂರಿಸಿ, ಅರದಿಂದ ಸಮಮಾಡಿದಾಗ ಹುರಿಯಂಥ ವಿನ್ಯಾಸ ಮೂಡುತ್ತದೆ.

ಉಳಿಗೆ ನೇರ ಗೆರೆ ಸಲೀಸು, ಬಾಗು ಕಷ್ಟ. ಒಮ್ಮೆ ತೋಡಿದ್ದನ್ನು ಅಳಿಸಲು ಸಾಧ್ಯವಿಲ್ಲ. ಈ ಎರಡು ನಿರ್ಬಂಧಗಳನ್ನು ಅರಿತ ಮೇಲೆಯೇ ಥೇಮ್ಸ್ ಅಲಗಿನ ಪಾಠವನ್ನು ಸರಿಯಾಗಿ ಓದಬಹುದು. ಅದರಲ್ಲಿ ಕೆಲವು ಅಕ್ಷರಗಳ ಕ್ರಮ ರೂಢಿಗಿಂತ ಭಿನ್ನ. ಕೆಲವುಗಳ ಆಕೃತಿ ಅಸಾಮಾನ್ಯ. ಇಪ್ಪತ್ತೇಳನೆಯ ಅಕ್ಷರವಂತೂ ತೀರ ಚಿಕ್ಕದು. ಮೊದಲು ಬಿಟ್ಟುಹೋಗಿ, ಅನಂತರ ಇಕ್ಕಟ್ಟಿನಲ್ಲಿ ತುರುಕಿದಂತೆ ಕಾಣುತ್ತದೆ. ಓಲೆಯ ಲಿಪಿಕಾರನಾದರೆ ಹಂಸಪಾದವಿಟ್ಟು ಬಿಟ್ಟ ಅಕ್ಷರವನ್ನು ಸೇರಿಸುತ್ತಿದ್ದ. ಕಬ್ಬಿಣದಲ್ಲಿ ಆ ಅನುಕೂಲವಿಲ್ಲ.

ಈ ಅಕ್ಷರವನ್ನು ಪ್ರತಿಕೃತಿಕಾರನು ಹೇಗೆ ಕೆತ್ತಬೇಕು? ಉಳಿದವುಗಳ ಅಳತೆಗೆ ಹಿಗ್ಗಿಸಿದರೆ ಅಲಗು ಅಂದವಾಗುತ್ತದೆ. ಆದರೆ ಕೆಲಸದ ನಡುವೆ ತಪ್ಪನ್ನು ಕಂಡು ತಿದ್ದಿದ ಒಬ್ಬ ಮನುಷ್ಯನ ಕುರುಹು ಅಳಿಸಿಹೋಗುತ್ತದೆ. ಮೂಲದ ಸ್ಖಾಲಿತ್ಯವನ್ನು ಸದ್ದಿಲ್ಲದೆ ಸರಿಪಡಿಸುವ ಸಂಪಾದಕನು ಮಾಡುವ ಅಪಚಾರವೂ ಇದೇ.

ಒಂಬತ್ತರಿಂದ ಹನ್ನೊಂದನೆಯ ಶತಮಾನದವರೆಗಿನ ‘ಉಲ್ಫ್‌ಬೆರ್ಟ್’ ಖಡ್ಗಗಳು ಈ ಮಾತಿಗೆ ಮತ್ತಷ್ಟು ಪುಷ್ಟಿ ಕೊಡುತ್ತವೆ. ಈ ಹೆಸರುಳ್ಳ ನೂರಕ್ಕೂ ಹೆಚ್ಚು ಖಡ್ಗಗಳು ದೊರೆತಿವೆ. ಇಲ್ಲಿ ಕಬ್ಬಿಣದ ಅಕ್ಷರವನ್ನೇ ಕಬ್ಬಿಣದ ಅಲಗಿನಲ್ಲಿ ಕಾವಿನಿಂದ ಬೆಸೆಯಲಾಗಿದೆ. ಹೆಸರಿನ ಜೊತೆಗಿರುವ ಶಿಲುಬೆಯ ಗುರುತು ಕೆಲವುಗಳಲ್ಲಿ ಕೊನೆಯ ಅಕ್ಷರಕ್ಕೆ ಮೊದಲು, ಕೆಲವುಗಳಲ್ಲಿ ಅದರ ಅನಂತರ ಬರುತ್ತದೆ. ಅಕ್ಷರಗಳೇ ತಪ್ಪಿರುವ ಪ್ರತಿಗಳೂ ಉಂಟು. ಲೋಹಪರೀಕ್ಷೆ ನಡೆಸಿದ ಅಲನ್ ವಿಲಿಯಮ್ಸ್ ಅವರು ಉಕ್ಕಿನ ಗುಣದಲ್ಲೂ ಬಹಳ ವ್ಯತ್ಯಾಸ ಕಂಡು, ಕೆಲವನ್ನು ಆ ಕಾಲದ ಅನುಕರಣೆಗಳೆಂದೇ ಬಗೆದಿದ್ದಾರೆ. ಹೀಗಾಗಿ ಇಲ್ಲಿ ಪಾಠಭೇದವೆಂಬುದು ಬರಿಯ ಕಾಗುಣಿತದ ವಿಷಯವಲ್ಲ. ಅದನ್ನು ‘ಶುದ್ಧ’ಗೊಳಿಸಿದ ಪ್ರತಿಕೃತಿ ಒಂದು ಐತಿಹಾಸಿಕ ಸಾಕ್ಷ್ಯವನ್ನೇ ಮುಚ್ಚಿಬಿಡುತ್ತದೆ.

ಪ್ರತಿಕೃತಿ ಮೂಲದ ಸ್ಥಾನವನ್ನು ಆಕ್ರಮಿಸಬಾರದು. ಆದ್ದರಿಂದ ಅದನ್ನು ಮಾಡಿದವನ ಗುರುತೂ ಕಾಲವೂ ಅದರ ಮೇಲೆ ಇರುವುದು ಲೇಸು. ಸಂಪಾದಿತ ಗ್ರಂಥದ ಮೇಲೆ ಸಂಪಾದಕನ ಹೆಸರು ಇರುವುದೂ ಇದೇ ಕಾರಣಕ್ಕೆ. ಹಾಗೆ ನಿರ್ಮಿತವಾದ ಅಲಗು, ಗಾಜಿನ ಪೆಟ್ಟಿಗೆಯೊಳಗಿನ ಮೂಲವನ್ನು ಮುಟ್ಟಲಾಗದ ಅಭ್ಯಾಸಿಗೆ ಅಕ್ಷರವೊಂದು ಯಾವ ಶ್ರಮದಿಂದ ಮೂಡಿತೆಂಬುದನ್ನು ಕಲಿಸಬಲ್ಲುದು.